ಉಯಿಲು ಬರೆಯೋರು, ಹಣ ನೋಡೋರು: ಕಲ್ಯಾಣದ ವಿಜ್ಞಾನೇಶ್ವರನಿಂದ ಸೆಬಿವರೆಗೆ

ಇವತ್ತಿನ ಪ್ರಶ್ನೆಗೆ ಹಳೆಯ ಕಾಗದಪತ್ರಗಳಲ್ಲಿ ಉತ್ತರ ಹುಡುಕೋ ನಮ್ಮ ಸರಣಿ ಇದು. ಈ ಸಂಚಿಕೆಯ ಅಕ್ಷರರೂಪ ಇಲ್ಲಿದೆ.

ಈ ಸಲದ ಪ್ರಶ್ನೆ ಬಹಳ ಮನೆಗಳಲ್ಲಿ ಓಡಾಡ್ತಾ ಇರೋದು. ಒಂದು ಮನೆ, ಊರಲ್ಲಿ ಸ್ವಲ್ಪ ಜಮೀನು, ಬ್ಯಾಂಕಿನಲ್ಲಿ ಎಫ್‌ಡಿ, ಎರಡು ಎಲ್‌ಐಸಿ ಪಾಲಿಸಿ, ಒಂದಿಷ್ಟು ಮ್ಯೂಚುವಲ್ ಫಂಡು ಇದೆ. ವಯಸ್ಸು ಅರವತ್ತು ದಾಟಿದೆ. ಇದನ್ನೆಲ್ಲ ಒಂದು ವ್ಯವಸ್ಥೆಗೆ ತರಬೇಕು. ವಕೀಲರ ಹತ್ರ ಹೋಗಬೇಕಾ, ಹಣಕಾಸು ಸಲಹೆಗಾರರ ಹತ್ರ ಹೋಗಬೇಕಾ? ಅಥವಾ ಇಬ್ಬರೂ ಬೇಡ, ನಾವೇ ಒಂದು ಹಾಳೆ ಮೇಲೆ ಬರೆದಿಟ್ಟರೆ ಸಾಕಾ?

ನಾನು ವಕೀಲನೂ ಅಲ್ಲ, ಸಲಹೆಗಾರನೂ ಅಲ್ಲ. ಇತಿಹಾಸ ಓದೋನು. ಆದರೆ ಈ ಎರಡು ವೃತ್ತಿಗಳು ನಮ್ಮ ಮನೆಬಾಗಿಲಿಗೆ ಹೇಗೆ ಬಂದವು ಅಂತ ತಿಳಿದರೆ, ಯಾರನ್ನು ಯಾವಾಗ ಕರೀಬೇಕು ಅನ್ನೋದು ಅರ್ಧ ತಾನಾಗಿಯೇ ಹೊಳೆಯುತ್ತೆ. ಆ ಕಥೆ ಶುರುವಾಗೋದು ಕರ್ನಾಟಕದಿಂದಲೇ.

ಉಯಿಲೇ ಬೇಡವಾಗಿದ್ದ ಕಾಲ

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ ರಾಜಧಾನಿ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಅನ್ನೋ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದೇ ಮಿತಾಕ್ಷರ. ಬಂಗಾಳ ಮತ್ತು ಅದರ ಆಸುಪಾಸು ಬಿಟ್ಟರೆ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ವಿಚಾರ ಇವತ್ತಿಗೂ ಈ ಪುಸ್ತಕದ ನೆರಳಿನಲ್ಲೇ ನಡೆಯುತ್ತೆ.

ಅದರ ತಿರುಳು ಒಂದೇ ಮಾತಿನಲ್ಲಿ ಹೇಳಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರೋದು ಅಪ್ಪ ಸತ್ತಾಗ ಅಲ್ಲ, ಮಗ ಹುಟ್ಟಿದಾಗ. ಹಾಗಾದರೆ ಅಪ್ಪ ಉಯಿಲು ಬರೆಯೋದು ಯಾವುದರ ಮೇಲೆ? ಅದು ಅವನೊಬ್ಬನದೇ ಅಲ್ಲವಲ್ಲ. ಬಂಗಾಳದ ದಾಯಭಾಗ ಪದ್ಧತಿಯಲ್ಲಿ ಅಪ್ಪ ಬದುಕಿರೋವರೆಗೆ ಅವನೇ ಯಜಮಾನ, ಮಕ್ಕಳಿಗೆ ಆಮೇಲೆ. ಕರಾವಳಿಯ ಅಳಿಯಸಂತಾನದಲ್ಲಿ ಲೆಕ್ಕವೇ ಬೇರೆ. ಆಸ್ತಿ ತಾಯಿಯ ಕಡೆಯಿಂದ ಹರಿಯುತ್ತೆ. ಎಲ್ಲರೂ ಒಪ್ಪದೆ ಪಾಲು ಮಾಡೋ ಹಕ್ಕು ಯಾರೊಬ್ಬರಿಗೂ ಇರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ಅದು ಸಡಿಲವಾಯಿತು.

ಅಂದರೆ ನಮ್ಮ ಹಿರಿಯರು ಉಯಿಲು ಬರೆಯದೇ ಹೋದದ್ದು ಅಸಡ್ಡೆಯಿಂದ ಅಲ್ಲ. ಅದರ ಅಗತ್ಯ ಇದ್ದದ್ದೇ ಕಡಿಮೆ. ಅವರಿಗೆ ಬೇಕಾಗಿದ್ದು ಪಾಲುಪಟ್ಟಿ. ಅದನ್ನು ಬರೆಯೋಕೆ ಊರಲ್ಲೇ ಒಬ್ಬರಿದ್ದರು, ಶಾನುಭೋಗರು. ಜಮೀನಿನ ಲೆಕ್ಕ ಅವರ ಕೈಲಿ, ಯಾವ ಹೊಲದ ಬದು ಎಲ್ಲಿ ಅನ್ನೋದು ಅವರ ತಲೇಲಿ. ಊರ ಹಿರಿಯರು ಪಂಚಾಯ್ತಿಗೆ ಕೂತರೆ ಇವರು ಒಕ್ಕಣೆ ಬರೆಯೋರು. ಕೊನೆಗೆ ಸಾಕ್ಷಿಗಳ ರುಜು, ಅದರ ಕೆಳಗೆ ‘ಬಿಕ್ಕಲಂ’ ಅಂತ ಬರೆದವರ ಹೆಸರು. ಹಳೆಯ ಪತ್ರ ಇದ್ದರೆ ತೆಗೆದು ನೋಡಿ, ಈ ಪದ ಸಿಕ್ಕೀತು. ಸಲಹೆ, ಬರವಣಿಗೆ, ದಾಖಲೆ ಮೂರೂ ಒಬ್ಬರ ಹತ್ತಿರವೇ. ಅದು ಅನುಕೂಲವೂ ಹೌದು, ಅಪಾಯವೂ ಹೌದು. ಶಾನುಭೋಗರು ಯಾರ ಕಡೆ ವಾಲಿದರೆ ಆ ಕಡೆಗೆ ಬದುವೂ ವಾಲೀತು ಅನ್ನೋ ಭಯ ಹಳ್ಳಿಗಳಲ್ಲಿ ಇದ್ದೇ ಇತ್ತು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಶಾನುಭೋಗಿಕೆ ಹೋಯಿತು. ಆ ಜಾಗಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರಹಗಾರರು, ತಾಲೂಕು ಕೋರ್ಟಿನ ವಕೀಲರು ಬಂದರು.

ವಕೀಲನ ಉಯಿಲೇ ಕೋರ್ಟಿಗೆ ಹೋದದ್ದು

ವಕೀಲಿಕೆಯನ್ನು ಒಂದು ಕಟ್ಟುನಿಟ್ಟಿನ ವೃತ್ತಿಯಾಗಿ ಕಂಪನಿ ಸರ್ಕಾರ ರೂಪಿಸಿದ್ದು 1793ರಲ್ಲಿ, ಬಂಗಾಳದಲ್ಲಿ, ಕಾರ್ನ್‌ವಾಲಿಸ್ ಕಾಲದಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ಇಂಗ್ಲಿಷ್ ನ್ಯಾಯಾಧೀಶರು ಹಿಂದೂ ಕುಟುಂಬಗಳ ಪಾಲು ತೀರ್ಮಾನ ಮಾಡೋಕೆ ಆ ಪುಸ್ತಕ ಕೈಯಲ್ಲಿ ಹಿಡಿದರು. ಇಂಗ್ಲಿಷರ ಉಯಿಲಿನ ಅಭ್ಯಾಸ ಕಲ್ಕತ್ತಾದ ಶ್ರೀಮಂತ ಮನೆಗಳಿಗೂ ಹಬ್ಬಿತು.

ಆ ಕಾಲದ ದೊಡ್ಡ ಕಥೆ ಪ್ರಸನ್ನಕುಮಾರ ಟ್ಯಾಗೋರ್ ಅವರದು. ಕಲ್ಕತ್ತಾದ ಹೆಸರಾಂತ ವಕೀಲರು, ದೊಡ್ಡ ಜಮೀನ್ದಾರರು. ಕಲ್ಕತ್ತಾ ವಿಶ್ವವಿದ್ಯಾಲಯದ ಟ್ಯಾಗೋರ್ ಕಾನೂನು ಉಪನ್ಯಾಸಗಳು ಇವರ ದತ್ತಿಯಿಂದಲೇ ಶುರುವಾದದ್ದು. ಇವರ ಒಬ್ಬನೇ ಮಗ ಜ್ಞಾನೇಂದ್ರಮೋಹನ ಕ್ರೈಸ್ತ ಧರ್ಮಕ್ಕೆ ಸೇರಿದ. ಆಮೇಲೆ ಬ್ಯಾರಿಸ್ಟರ್ ಆದ ಮೊದಲ ಭಾರತೀಯ ಅಂತ ಹೆಸರಾದ. ಅಪ್ಪ ಉಯಿಲು ಬರೆದು ಮಗನಿಗೆ ಏನೂ ಇಲ್ಲ ಅಂದರು. ಆಸ್ತಿ ಬಂಧು ಜತೀಂದ್ರಮೋಹನನಿಗೆ, ಅವನ ನಂತರ ಅವನಿಗೆ ಹುಟ್ಟಬಹುದಾದ ಗಂಡುಮಕ್ಕಳಿಗೆ, ಹೀಗೆ ತಲೆತಲಾಂತರಕ್ಕೂ ಸಾಲು ಹಾಕಿದರು.

1868ರಲ್ಲಿ ಅವರು ತೀರಿಕೊಂಡರು. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1872ರಲ್ಲಿ ಬಂದ ತೀರ್ಪು ಏನು ಗೊತ್ತಾ? ಉಯಿಲು ಬರೆಯೋ ಹಕ್ಕು ಇದೆ, ಸರಿ. ಆದರೆ ಇನ್ನೂ ಹುಟ್ಟದೇ ಇರೋರಿಗೆ ಹೀಗೆ ಆಸ್ತಿ ಬರೆಯೋಕೆ ಹಿಂದೂ ಕಾನೂನಿನಲ್ಲಿ ಅವಕಾಶ ಇಲ್ಲ. ಜತೀಂದ್ರಮೋಹನ ಬದುಕಿರೋವರೆಗೆ ಅನುಭವಿಸಲಿ, ಆಮೇಲೆ ಆಸ್ತಿ ಮಗನ ಕಡೆಗೇ ಹೋಗಬೇಕು. ಯಾರಿಗೆ ಬಿಡಿಕಾಸೂ ಬೇಡ ಅಂತ ಅಪ್ಪ ಬರೆದಿದ್ದರೋ ಅವನ ಹಕ್ಕೇ ಕೊನೆಗೆ ನಿಂತಿತು.

ನಾಡಿನ ಕಾನೂನು ಅರೆದು ಕುಡಿದ ವಕೀಲರ ಸ್ವಂತ ಉಯಿಲಿಗೇ ಹೀಗಾಯಿತು. ‘ನನ್ನ ನಂತರ ಇಂಥವರಿಗೆ’ ಅಂತ ಬರೆಯೋದು ಸುಲಭ. ‘ಅವರ ನಂತರ ಇಂಥವರಿಗೆ, ಅವರಿಗೆ ಮಕ್ಕಳಿಲ್ಲದಿದ್ದರೆ ಇಂಥವರಿಗೆ’ ಅಂತ ಎರಡನೇ, ಮೂರನೇ ಮೆಟ್ಟಿಲು ಇಳಿಯೋಕೆ ಹೊರಟಿರೋ, ಅಲ್ಲಿ ನಿಮ್ಮ ಕೈಬರಹ ಸಾಲದು. ಅಲ್ಲಿ ವಕೀಲರು ಬೇಕು.

ಮೈಸೂರಿನಿಂದ ಹೋದ ಒಂದು ಕೇಸು

ಎರಡನೇ ಕಥೆ ನಮ್ಮ ಮೈಸೂರಿನದು. ಕಾನೂನು ಓದಿದವರಿಗೆಲ್ಲ ಗೊತ್ತಿರೋ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣ. 1945ರ ಆಗಸ್ಟ್‌ನಲ್ಲಿ ವಯಸ್ಸಾದ ಒಬ್ಬ ಹೆಣ್ಣುಮಗಳು ಬರೆದರು ಅನ್ನಲಾದ ಒಂದು ಉಯಿಲು. ಅದನ್ನು ಜಾರಿಗೆ ತರೋಕೆ ನೇಮಕವಾದವರೇ ಕೋರ್ಟಿಗೆ ಬಂದು, ಉಯಿಲು ಸರಿಯಾಗಿದೆ ಅಂತ ಘೋಷಿಸಿ ಅಂದರು. ಕೆಳಗಿನ ಕೋರ್ಟು ಒಪ್ಪಿತು. ಮೈಸೂರು ಹೈಕೋರ್ಟು ಒಪ್ಪಲಿಲ್ಲ. 1958ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್.

ರುಜು ಇತ್ತು, ಸಾಕ್ಷಿಗಳಿದ್ದರು. ಮತ್ತೆ ತೊಡಕು ಎಲ್ಲಿ? ಉಯಿಲು ತಯಾರಾಗೋದರಲ್ಲಿ ಮುಂದೆ ನಿಂತವರ ಕಡೆಗೇ ಆ ಉಯಿಲಿನಿಂದ ಗಣನೀಯ ಲಾಭ ಹೋಗ್ತಿತ್ತು. ಕೋರ್ಟು ಹೇಳಿದ್ದರ ಸಾರ ಇಷ್ಟು: ಉಯಿಲು ಬರೆದವರು ಎದ್ದು ಬಂದು ಸಾಕ್ಷಿ ಹೇಳೋ ಹಾಗಿಲ್ಲ. ಆದ್ದರಿಂದ ಅನುಮಾನ ಹುಟ್ಟಿಸೋ ಸಂಗತಿ ಇದ್ದರೆ ಅದನ್ನು ನಿವಾರಿಸೋ ಹೊಣೆ ಉಯಿಲನ್ನು ಮುಂದಿಡೋರದ್ದು. ಬರೆಸೋದರಲ್ಲಿ ಮುಂದಾಳುತನ ವಹಿಸಿದವರಿಗೇ ಲಾಭ ಹೋದರೆ ಅದೂ ಅಂಥ ಒಂದು ಸಂಗತಿ.

ಅರವತ್ತು ವರ್ಷ ದಾಟಿದರೂ ದೇಶದ ಕೋರ್ಟುಗಳು ಉಯಿಲಿನ ತಕರಾರು ಬಂದಾಗ ಈ ತೀರ್ಪಿನ ಕಡೆಗೇ ತಿರುಗ್ತವೆ. ಮನೆಮಟ್ಟದಲ್ಲಿ ಇದರ ಅರ್ಥ ಏನು? ಅಪ್ಪನ ಜೊತೆ ಇರೋ ದೊಡ್ಡ ಮಗ, ಪಾಪ, ಒಳ್ಳೆ ಮನಸ್ಸಿನಿಂದಲೇ ಓಡಾಡಿ ಉಯಿಲು ಬರೆಸ್ತಾನೆ. ಅವನೇ ವಕೀಲರನ್ನು ಗೊತ್ತು ಮಾಡ್ತಾನೆ, ಅವನೇ ಕಾರಿನಲ್ಲಿ ಕರ್ಕೊಂಡು ಹೋಗ್ತಾನೆ, ಅವನ ಸ್ನೇಹಿತರೇ ಸಾಕ್ಷಿ ಹಾಕ್ತಾರೆ, ಮನೆಯೂ ಅವನ ಹೆಸರಿಗೇ ಹೋಗುತ್ತೆ. ಅಪ್ಪನ ಇಷ್ಟ ನಿಜವಾಗಿಯೂ ಅದೇ ಇರಬಹುದು. ಆದರೆ ನಾಳೆ ತಂಗಿ ಕೋರ್ಟಿಗೆ ಹೋದರೆ ಉತ್ತರ ಕೊಡಬೇಕಾದ ಹೊಣೆ ಅವನ ತಲೆ ಮೇಲೆ. ಅಪ್ಪ ತಾವೇ ಗೊತ್ತು ಮಾಡಿಕೊಂಡ ವಕೀಲರು, ಪಾಲಿಗೆ ಸಂಬಂಧವೇ ಇಲ್ಲದ ಇಬ್ಬರು ಸಾಕ್ಷಿಗಳು, ನೋಂದಣಿ – ಇದಕ್ಕೆ ಕೊಡೋ ಫೀಸು ಬರೀ ಬರವಣಿಗೆಗೆ ಅಲ್ಲ. ಮಕ್ಕಳ ನಡುವೆ ಮಾತು ಉಳಿಯಲಿ ಅನ್ನೋದಕ್ಕೆ.

ಅಂದಹಾಗೆ, ಕಾನೂನು ಕೇಳೋದು ಬಹಳ ಕಡಿಮೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಬರೆದವರ ರುಜು, ಇಬ್ಬರು ಸಾಕ್ಷಿಗಳು. ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯ ಅಲ್ಲ, ಆದರೆ ಮಾಡಿಸಿದರೆ ಬಲ. ಮುಸ್ಲಿಮರಿಗೆ ನಿಯಮ ಬೇರೆ. ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಯಿಲಿನಲ್ಲಿ ಕೊಡೋ ಹಾಗಿಲ್ಲ.

ಉಯಿಲಿಲ್ಲದಿದ್ದರೆ ಕಾನೂನೇ ಬರೆಯುತ್ತೆ

‘ನಮಗ್ಯಾಕೆ ಉಯಿಲು, ಹೇಗೂ ಮಕ್ಕಳಿಗೇ ಹೋಗುತ್ತಲ್ಲ’ ಅನ್ನೋರು ಬಹಳ. ಒಂದು ಕ್ಷಣ ತಾಳಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ಉಯಿಲಿಲ್ಲದೆ ಹೋದರೆ ಅವನ ಸ್ವಯಾರ್ಜಿತದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ತಾಯಿಗೂ ಸಮಪಾಲು. ತಂದೆ ಆ ಮೊದಲ ಸಾಲಿನಲ್ಲಿ ಇಲ್ಲ. ಹೆಣ್ಣುಮಗಳು ಉಯಿಲಿಲ್ಲದೆ ಹೋದರೆ ಮೊದಲು ಗಂಡ, ಮಕ್ಕಳು. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಹೆತ್ತ ಅಪ್ಪ-ಅಮ್ಮ ಆಮೇಲೆ.

ಇದರ ಬಿಸಿ ಏನು ಅಂತ ತೋರಿಸಿದ್ದು 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಓಂಪ್ರಕಾಶ್ ಪ್ರಕರಣ. ಮದುವೆಯಾದ ಸ್ವಲ್ಪ ತಿಂಗಳಿಗೇ ಗಂಡ ಹಾವು ಕಚ್ಚಿ ತೀರಿಕೊಂಡ. ಹೆಣ್ಣುಮಗಳನ್ನು ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು. ಅವಳು ಕೆಲಸಕ್ಕೆ ಸೇರಿ ಸ್ವಂತ ದುಡಿಮೆಯ ಹಣ ಕೂಡಿಟ್ಟಳು. ಮಕ್ಕಳಿರಲಿಲ್ಲ. ಉಯಿಲೂ ಇರಲಿಲ್ಲ. ತೀರಿಕೊಂಡ ಮೇಲೆ ಆ ಹಣ ಹೋದದ್ದು ಗಂಡನ ಕಡೆಯವರಿಗೆ. ಮರುಕ ಬೇರೆ, ಕಾಯ್ದೆ ಬೇರೆ ಅಂತ ಕೋರ್ಟು ಹೇಳಬೇಕಾಯಿತು. ಒಂದು ಹಾಳೆ, ಒಂದು ರುಜು, ಇಬ್ಬರು ಸಾಕ್ಷಿ ಇದ್ದಿದ್ದರೆ ಅವಳ ಬೆವರಿನ ದುಡ್ಡು ಓದಿಸಿದವರ ಮನೆಗೆ ಹೋಗ್ತಿತ್ತು. ದುಡಿಯೋ ಹೆಣ್ಣುಮಕ್ಕಳು, ಅದರಲ್ಲೂ ಮಕ್ಕಳಿಲ್ಲದವರು, ಈ ಕೇಸನ್ನು ಮರೀಬಾರದು.

ಇನ್ನು ಪಿತ್ರಾರ್ಜಿತ. ಇಲ್ಲಿ ಕಾನೂನು ನಮ್ಮ ಕಣ್ಣೆದುರಿಗೇ ಬದಲಾಗಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ಪಾಲಿನ ಸಮಯದಲ್ಲಿ ವಿಧವೆ, ತಾಯಿ ಮುಂತಾದವರಿಗೆ ಭಾಗ ಕೊಟ್ಟಿತು. ಬ್ರಿಟಿಷ್ ಭಾರತ ವಿಧವೆಯರ ವಿಚಾರದಲ್ಲಿ ಕಾಯ್ದೆ ಮಾಡಿದ್ದು 1937ರಲ್ಲಿ. 1994ರ ಜುಲೈ 30ರಿಂದ ಕರ್ನಾಟಕ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಹಕ್ಕುದಾರರು ಅಂದಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರು ಹೊರಗೆ ಉಳಿದರು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು, 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನೂ ಇಲ್ಲ ಅಂತ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿಗಳನ್ನು ಮಾತ್ರ ಮುಟ್ಟೋ ಹಾಗಿಲ್ಲ. ‘ಬಾಯಿಮಾತಲ್ಲಿ ಯಾವತ್ತೋ ಪಾಲಾಗಿದೆ’ ಅನ್ನೋದು ಸಾಮಾನ್ಯವಾಗಿ ನಡೆಯಲ್ಲ.

ಹೀಗಾಗಿ ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅನ್ನೋದೇ ಅನುಮಾನ ಇದ್ದರೆ, ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ, ಅಕ್ಕತಂಗಿಯರ ಹಕ್ಕು ಬಿಡುಗಡೆ ಪತ್ರ ಆಗಿಲ್ಲದಿದ್ದರೆ, ಯಾವ ಹಣಕಾಸು ಸಲಹೆಗಾರರೂ ಅದನ್ನು ಬಿಡಿಸಲಾರರು. ಅದು ವಕೀಲರ ಕೆಲಸ.

ಹಣದ ಸಲಹೆ ಯಾರ ಜೇಬಿನಿಂದ?

ಈಗ ಎರಡನೇ ವೃತ್ತಿ. ನಮ್ಮ ಊರುಗಳಲ್ಲಿ ಹಣದ ಬಗ್ಗೆ ಮನೆಗೆ ಬಂದು ಮಾತಾಡಿದ ಮೊದಲ ಹೊರಗಿನವರು ಬಹುಮಟ್ಟಿಗೆ ವಿಮಾ ಏಜೆಂಟರು. 1956ರ ಸೆಪ್ಟೆಂಬರ್ 1ಕ್ಕೆ 245 ಕಂಪನಿ, ಸೊಸೈಟಿಗಳನ್ನು ಸೇರಿಸಿ ಎಲ್‌ಐಸಿ ಹುಟ್ಟಿತು. ಪ್ರೀಮಿಯಂ ಕಟ್ಟೋದು ನೆನಪು ಮಾಡಿದವರು, ಸಾವಾದ ಮನೆಗೆ ಬಂದು ಕ್ಲೇಮಿನ ಕಾಗದ ತುಂಬಿಕೊಟ್ಟವರು ಈ ಏಜೆಂಟರೇ. ಆ ಉಪಕಾರ ದೊಡ್ಡದು. ಆದರೆ ಅವರ ಸಂಪಾದನೆ ಬರ್ತಿದ್ದದ್ದು ಮಾರಾಟದಿಂದ. ಮೊದಲ ವರ್ಷದ ಪ್ರೀಮಿಯಂನಲ್ಲಿ ಶೇಕಡ 35ರವರೆಗೂ ಕಮಿಷನ್ ಕೊಡೋಕೆ ಕಾನೂನೇ ಅವಕಾಶ ಇಟ್ಟಿತ್ತು. ಪಾಲಿಸಿ ಬೇಡ ಅನ್ನೋ ಸಲಹೆಗೆ ಮಾತ್ರ ಕಮಿಷನ್ ಇರಲಿಲ್ಲ.

ಮ್ಯೂಚುವಲ್ ಫಂಡಿನಲ್ಲೂ ಇದೇ ಆಯಿತು. ಈಕ್ವಿಟಿ ಫಂಡಿಗೆ ಹಾಕಿದ ನೂರು ರೂಪಾಯಿಯಲ್ಲಿ ಎರಡೂಕಾಲು ರೂಪಾಯಿ ಒಳಗೆ ಹೋಗೋ ಮೊದಲೇ ಕಡಿತವಾಗೋದು ವಾಡಿಕೆ. 2009ರ ಆಗಸ್ಟ್ 1ರಿಂದ ಸೆಬಿ ಆ ಪ್ರವೇಶ ಶುಲ್ಕ ನಿಲ್ಲಿಸಿತು. 2013ರ ಜನವರಿಯಲ್ಲಿ ಎರಡು ಬದಲಾವಣೆ ಆದವು. ಮಧ್ಯವರ್ತಿ ಇಲ್ಲದೆ ಹಾಕೋ ಡೈರೆಕ್ಟ್ ಪ್ಲಾನ್ ಬಂತು. ಹೂಡಿಕೆ ಸಲಹೆಗಾರರ ನಿಯಮಾವಳಿಯೂ ಬಂತು. ಸಲಹೆಗಾರ ಅಂದರೆ ಸೆಬಿಯಲ್ಲಿ ನೋಂದಾಯಿಸಿಕೊಂಡು, ಗ್ರಾಹಕರಿಂದಲೇ ಫೀಸು ಪಡೆಯೋರು. 2020ರ ತಿದ್ದುಪಡಿ ಇನ್ನೂ ಬಿಗಿ ಮಾಡಿತು. ಒಬ್ಬ ಗ್ರಾಹಕರಿಗೆ ಸಲಹೆಯನ್ನೂ ಕೊಟ್ಟು, ಅದೇ ಗ್ರಾಹಕರಿಗೆ ಕಮಿಷನ್ ಮೇಲೆ ಫಂಡನ್ನೂ ಮಾರೋ ಹಾಗಿಲ್ಲ.

ಗಮನಿಸಿದ್ರಾ? 1958ರಲ್ಲಿ ಉಯಿಲಿನ ಬಗ್ಗೆ ಸುಪ್ರೀಂ ಕೋರ್ಟು ಕೇಳಿದ ಪ್ರಶ್ನೆಯನ್ನೇ ಹಣದ ಬಗ್ಗೆ ಸೆಬಿ ಕೇಳ್ತಾ ಇದೆ. ಹೇಳಿಕೊಡೋರಿಗೆ ಇದರಿಂದ ಏನು ಸಿಗುತ್ತೆ? ಊರಿನಲ್ಲಿ ಶಾನುಭೋಗರ ಬಗ್ಗೆ ಇದ್ದ ಭಯವೂ ಇದೇ ತಾನೆ.

ಇಬ್ಬರ ನಡುವೆ ಬೀಳೋ ಗುಂಡಿ: ನಾಮಿನಿ

ವಕೀಲರಿಗೂ ಸಲಹೆಗಾರರಿಗೂ ಮಧ್ಯೆ ಒಂದು ಗುಂಡಿ ಇದೆ. ಹೆಚ್ಚು ಮನೆಗಳು ಬೀಳೋದು ಅಲ್ಲಿ. ‘ನಾಮಿನಿ ಹಾಕಿದ್ದೀನಿ, ಇನ್ನೇನು ಬೇಕು?’ ಅಂತಾರೆ. 1983ರ ಕೊನೆಯಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ವಿಮೆಯ ನಾಮಿನಿ ಹಣ ಪಡೆಯೋ ಕೈ ಮಾತ್ರ, ಹಣ ವಾರಸುದಾರರದ್ದು. 2015ರಲ್ಲಿ ವಿಮಾ ಕಾಯ್ದೆ ತಿದ್ದಿ, ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾದರೆ ಹಣ ಅವರದೇ ಅಂತ ಮಾಡಿದರು. ಆದರೆ ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ತೀರ್ಪು ಹಳೆಯ ಮಾತನ್ನೇ ಹೇಳಿತು. ನಾಮಿನಿ ಮಾಲೀಕ ಅಲ್ಲ.

ಸಲಹೆಗಾರರು ನಾಮಿನಿ ಕಾಲಂ ತುಂಬಿಸ್ತಾರೆ, ವಕೀಲರು ಉಯಿಲು ಬರೀತಾರೆ. ಎರಡರಲ್ಲೂ ಒಂದೇ ಹೆಸರು ಇದೆಯಾ ಅಂತ ನೋಡೋರು ಯಾರು? ಅದು ನಿಮ್ಮ ಕೆಲಸ. ಒಂದು ಸಂಜೆ ಸಾಕು, ಫೀಸು ಬೇಡ.

ಹಾಗಾದರೆ ಯಾರನ್ನು ಕರೆಯೋಣ?

ಒಂದು ಹೆದರಿಕೆಯನ್ನು ಮೊದಲು ಪಕ್ಕಕ್ಕೆ ಇಡೋಣ. ಸಾವಿನ ನಂತರದ ತೆರಿಗೆ ನಮ್ಮಲ್ಲಿ 1953ರಿಂದ ಇತ್ತು. 20 ಲಕ್ಷ ದಾಟಿದ ಭಾಗದ ಮೇಲೆ ಶೇಕಡ 85ರವರೆಗೂ ಏರಿತ್ತು. ಬರ್ತಿದ್ದ ವರಮಾನ ಸ್ವಲ್ಪ, ತಂಟೆ ಬಹಳ. 1985ರ ಮಾರ್ಚ್ 16ರ ನಂತರದ ಸಾವುಗಳಿಗೆ ಅದು ಇಲ್ಲ. ಆದ್ದರಿಂದ ಅಮೆರಿಕದ ಯೂಟ್ಯೂಬ್ ವಿಡಿಯೊ ನೋಡಿ ತೆರಿಗೆ ಉಳಿಸೋಕೆ ಟ್ರಸ್ಟ್ ಮಾಡಬೇಕು ಅಂತ ಸಾಮಾನ್ಯ ಕುಟುಂಬ ಗಾಬರಿಯಾಗಬೇಕಿಲ್ಲ. ಆದರೆ ಇಲ್ಲಿಂದಲೇ ಅಮೆರಿಕದ ಷೇರು ಕೊಂಡವರು ಹುಷಾರು. ಅಲ್ಲಿ ನೆಲೆಸದ ವಿದೇಶಿಯರಿಗೆ ಅಲ್ಲಿನ ಆಸ್ತಿಯಲ್ಲಿ ವಿನಾಯ್ತಿ 60 ಸಾವಿರ ಡಾಲರ್‌ವರೆಗೆ ಮಾತ್ರ.

ಈಗ ಲೆಕ್ಕ ಹೀಗೆ. ಆಸ್ತಿ ಎಲ್ಲ ಸ್ವಯಾರ್ಜಿತ, ಒಬ್ಬರಿಗೇ ಅಥವಾ ಸಮನಾಗಿ ಹಂಚೋದು, ಮನೆಯಲ್ಲಿ ಮುನಿಸಿಲ್ಲ ಅಂದರೆ ಉಯಿಲು ನೀವೇ ಬರೆಯಬಹುದು. ಒಂದು ಸಲ ವಕೀಲರಿಗೆ ತೋರಿಸಿದರೆ ಚೆನ್ನ. ಪಿತ್ರಾರ್ಜಿತ ಇದೆ, ಎರಡನೇ ಮದುವೆ ಇದೆ, ಯಾರಿಗೋ ಕಡಿಮೆ ಕೊಡ್ತಿದ್ದೀರಿ, ಅಂಗವೈಕಲ್ಯ ಇರೋ ಮಗು ಇದೆ, ಮಕ್ಕಳು ಬೇರೆ ದೇಶದಲ್ಲಿದ್ದಾರೆ ಅಂದರೆ ವಕೀಲರು ಬೇಕೇ ಬೇಕು. ಕಾಗದ ಎಲ್ಲ ಸರಿ ಇದೆ, ಆದರೆ ನಿವೃತ್ತಿಯ ಹಣ ಎಷ್ಟು ವರ್ಷ ಬರುತ್ತೆ, ಎಲ್ಲಿ ಇಡಬೇಕು ಅನ್ನೋದು ಪ್ರಶ್ನೆ ಅಂದರೆ ಸೆಬಿ ನೋಂದಾಯಿತ ಸಲಹೆಗಾರರು. ಎರಡೂ ಪ್ರಶ್ನೆ ಇದ್ದರೆ ನನ್ನ ಅಭಿಪ್ರಾಯದಲ್ಲಿ ವಕೀಲರು ಮೊದಲು. ಯಾಕೆಂದರೆ ತಪ್ಪು ಹೂಡಿಕೆಯನ್ನು ನಾಳೆ ಬದಲಾಯಿಸಬಹುದು. ಉಯಿಲಿನ ತಪ್ಪು ಗೊತ್ತಾಗೋದು ನೀವು ಇಲ್ಲದ ದಿನ.

ಯಾರ ಹತ್ರ ಹೋದರೂ ಮೂರು ಮಾತು ಕೇಳಿ. ನಿಮ್ಮ ಫೀಸು ಎಷ್ಟು, ಬರವಣಿಗೆಯಲ್ಲಿ ಕೊಡ್ತೀರಾ? ನನ್ನನ್ನು ಬಿಟ್ಟು ಬೇರೆ ಯಾರಿಂದಾದರೂ ನಿಮಗೆ ಹಣ ಬರುತ್ತಾ? ಏನೂ ಮಾಡೋದು ಬೇಡ ಅನ್ನೋ ಸಲಹೆಯನ್ನೂ ಕೊಡ್ತೀರಾ? ಉತ್ತರ ಕೊಡೋಕೆ ತಡವರಿಸಿದರೆ ಎದ್ದು ಬನ್ನಿ, ಊರಲ್ಲಿ ಇನ್ನೊಬ್ಬರು ಇದ್ದಾರೆ.

ವಿಜ್ಞಾನೇಶ್ವರ ಹೇಳಿದ ಹುಟ್ಟಿನ ಹಕ್ಕು ಹೆಣ್ಣುಮಕ್ಕಳವರೆಗೆ ಬರೋಕೆ ಒಂಬತ್ತು ಶತಮಾನ ಬೇಕಾಯಿತು. ಅದನ್ನು ನಿಮ್ಮ ಮನೆ ಕಾಗದದಲ್ಲಿ ಬರೆಯೋಕೆ ಒಂದು ವಾರ ಸಾಕು.